ಡಕ್ ಪ್ಲೇಗ್ ವೈರಸ್ ಸಾಬೂನಿಗೆ ಸೋಲುತ್ತದೆ, ಮರಿಗಳ ಹೆಪಟೈಟಿಸ್ ವೈರಸ್ ಏಕೆ ಸೋಲುವುದಿಲ್ಲ?

ಪ್ರಶ್ನೆ: ಗದ್ದೆಬದಿ

ಮಾನ್ಯರೇ, ಗಂಗಾವತಿಯ ಸಮೀಪ ಭತ್ತದ ಗದ್ದೆಗಳ ನಡುವೆ ಸುಮಾರು 400 ಖಾಕಿ ಕ್ಯಾಂಪ್‌ಬೆಲ್ ಬಾತುಕೋಳಿಗಳನ್ನು ಸಾಕುತ್ತಿದ್ದೇನೆ. ಹೊಸ ಮರಿಗಳನ್ನು ತರುವ ಮೊದಲು ಮರಿಮನೆಯನ್ನು ಶುಚಿಗೊಳಿಸುವ ವಿಚಾರವಾಗಿ ಪಶುವೈದ್ಯರನ್ನು ಕೇಳಿದೆ. ಡಕ್ ಪ್ಲೇಗ್ ವೈರಸ್ಸಿಗೆ ಸಾಬೂನಿನಂತಹ ಸೋಂಕುನಿವಾರಕಗಳು ಸಾಕಾಗುತ್ತವೆ, ಆದರೆ ಎಳೆಯ ಮರಿಗಳ ಯಕೃತ್ತಿಗೆ ತಗಲುವ ಹೆಪಟೈಟಿಸ್ ವೈರಸ್ ಅವುಗಳಿಗೆ ಜಗ್ಗುವುದಿಲ್ಲ ಎಂದು ಅವರು ತಿಳಿಸಿದರು. ಕಾರಣವನ್ನು ಕೇಳಿದಾಗ "ಅದರ ರಚನೆಯೇ ಬೇರೆ" ಎಂದರು, ಅಷ್ಟರಲ್ಲಿ ಅವರಿಗೆ ಇನ್ನೊಂದು ಕರೆ ಬಂದು ಮಾತು ಅಲ್ಲಿಗೇ ನಿಂತಿತು. ಎರಡೂ ವೈರಸ್ಸುಗಳೇ, ಎರಡೂ ಬಾತುಕೋಳಿಗೇ ಬರುವಂಥವು. ಹಾಗಿರುವಾಗ ರಚನೆಯಲ್ಲಿ ಬೇರೆಯಾಗಿರುವುದು ಏನು? ಪಿಯುಸಿಯವರೆಗೆ ಜೀವಶಾಸ್ತ್ರ ಓದಿದ್ದೇನೆ, ಆದ್ದರಿಂದ ಉತ್ತರ ತುಸು ಆಳಕ್ಕೆ ಇಳಿದರೂ ಅಡ್ಡಿಯಿಲ್ಲ.

ಉತ್ತರ 1: ಸೂಕ್ಷ್ಮದರ್ಶಕ

ನಿಮ್ಮ ವೈದ್ಯರು ಹೇಳಿದ್ದು ಸರಿಯಾಗಿದೆ. ಒಂದಕ್ಕೆ ಕೊಬ್ಬಿನ ಹೊರಪೊರೆ ಇದೆ, ಇನ್ನೊಂದಕ್ಕೆ ಇಲ್ಲ. ಆದರೆ ಅಷ್ಟನ್ನೇ ಹೇಳಿ ಬಿಟ್ಟರೆ ಪೊರೆ ಇರುವುದೇ ದುರ್ಬಲವೇಕೆ ಎಂಬ ಸಂದೇಹ ಉಳಿದುಬಿಡುತ್ತದೆ. ಪೊರೆ ಎಂದರೆ ರಕ್ಷಣೆ ಎಂದೇ ನಾವು ಭಾವಿಸುತ್ತೇವೆ, ಇಲ್ಲಿ ಆ ಭಾವನೆ ತಿರುಗುಮುರುಗಾಗುತ್ತದೆ.

ಡಕ್ ಪ್ಲೇಗ್ ವೈರಸ್ ಹರ್ಪಿಸ್ ಕುಟುಂಬಕ್ಕೆ ಸೇರಿದ್ದು. ಈ ರೋಗವನ್ನು ಮೊದಲು ಗುರುತಿಸಿದ್ದು 1923ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಒಳಗಿನಿಂದ ಹೊರಕ್ಕೆ ನೋಡುತ್ತ ಬಂದರೆ, ನಡುವಿನಲ್ಲಿ ಸುಮಾರು 1,58,000 ಜೋಡಿ ಬೇಸ್‌ಗಳಷ್ಟು ಉದ್ದದ ಎರಡೆಳೆ ಡಿಎನ್‌ಎ ಒತ್ತೊತ್ತಾಗಿ ಸುತ್ತಿಕೊಂಡಿರುತ್ತದೆ. ಅದರ ಸುತ್ತ ಇಪ್ಪತ್ತು ತ್ರಿಕೋನ ಮುಖಗಳ ಪ್ರೋಟೀನ್ ಕವಚವಿದೆ. ಹರ್ಪಿಸ್ ವೈರಸ್ಸುಗಳ ಈ ಕವಚ 162 ಗುಬುಟುಗಳಿಂದ ಕಟ್ಟಲ್ಪಟ್ಟಿರುತ್ತದೆ. ಹನ್ನೆರಡು ಮೂಲೆಗಳ ಪೈಕಿ ಹನ್ನೊಂದು ಒಂದೇ ಬಗೆಯವು, ಉಳಿದ ಒಂದು ಮೂಲೆ ಡಿಎನ್‌ಎ ಒಳಹೋಗುವುದಕ್ಕೂ ಹೊರಬರುವುದಕ್ಕೂ ಇರುವ ದ್ವಾರ. ಕವಚದ ಹೊರಗೆ ಟೆಗ್ಯುಮೆಂಟ್ ಎಂಬ ಪ್ರೋಟೀನ್ ಪದರವಿದೆ, ಎಲ್ಲಕ್ಕಿಂತ ಹೊರಗೆ ಕೊಬ್ಬಿನ ಪೊರೆ ಇದೆ. ಈ ಪೊರೆಯನ್ನು ವೈರಸ್ ತಾನಾಗಿ ತಯಾರಿಸಿಕೊಳ್ಳುವುದಿಲ್ಲ, ಹೊರಡುವಾಗ ಬಾತುಕೋಳಿಯ ಜೀವಕೋಶದ ಒಳಪೊರೆಗಳಿಂದಲೇ ಹೊದ್ದುಕೊಂಡು ಬರುತ್ತದೆ.

ಹೊಸ ಜೀವಕೋಶವನ್ನು ಹಿಡಿದುಕೊಂಡು ಒಳನುಗ್ಗಲು ಬೇಕಾದ ಗ್ಲೈಕೋಪ್ರೋಟೀನುಗಳೆಲ್ಲ ಆ ಪೊರೆಯಲ್ಲೇ ನೆಟ್ಟಿರುತ್ತವೆ. ಸಾಬೂನು ಪೊರೆಯನ್ನು ಕರಗಿಸಿದಾಗ ಒಳಗಿನ ಕವಚ ಮುರಿಯಲೇಬೇಕೆಂದಿಲ್ಲ, ಡಿಎನ್‌ಎ ಕೂಡ ಹಾಗೆಯೇ ಉಳಿದಿರಬಹುದು. ಆದರೆ ಮನೆಯ ಬೀಗದ ಕೈಯೇ ಕಳೆದುಹೋದ ಮೇಲೆ ಒಳಗೆ ಹೋಗುವ ಬಗೆ ಅದಕ್ಕಿಲ್ಲ.

ಮರಿಗಳ ಹೆಪಟೈಟಿಸ್ ವೈರಸ್, ಅಂದರೆ ಡಕ್ ಹೆಪಟೈಟಿಸ್ ಎ ವೈರಸ್, ಪಿಕಾರ್ನಾ ಕುಟುಂಬದ್ದು. ಸುಮಾರು 7,700 ಅಕ್ಷರಗಳ ಒಂದೆಳೆ ಆರ್‌ಎನ್‌ಎ, ಅದರ ಸುತ್ತ ಸುಮಾರು 30 ನ್ಯಾನೋಮೀಟರ್ ವ್ಯಾಸದ ಪ್ರೋಟೀನ್ ಚಿಪ್ಪು, ಅಷ್ಟೇ. ಚಿಪ್ಪಿನಲ್ಲಿ ವಿಪಿ0, ವಿಪಿ1, ವಿಪಿ3 ಎಂಬ ಮೂರು ಪ್ರೋಟೀನುಗಳು ತಲಾ 60ರಂತೆ ಇರುತ್ತವೆ. (ಪೋಲಿಯೊದಂತಹ ಅದೇ ಕುಟುಂಬದ ಬಂಧುಗಳಲ್ಲಿ ವಿಪಿ0 ಕೊನೆಯ ಹಂತದಲ್ಲಿ ಎರಡಾಗಿ ಸೀಳುತ್ತದೆ, ಇದರಲ್ಲಿ ಸೀಳುವುದಿಲ್ಲ. ಪರೀಕ್ಷೆಗೆ ಓದುವವರು ಎಡವುವ ಜಾಗ ಇದು.) ಇಲ್ಲಿ ಜೀವಕೋಶವನ್ನು ಹಿಡಿಯುವ ಕೆಲಸವನ್ನೂ ಚಿಪ್ಪಿನ ಮೈಯೇ ಮಾಡುತ್ತದೆ. ಕರಗಿಸಲು ಕೊಬ್ಬೇ ಇಲ್ಲದಿರುವಾಗ ಸಾಬೂನು ಏನು ಮಾಡೀತು? ಈಥರ್, ಕ್ಲೋರೋಫಾರ್ಮ್‌ಗಳಿಗೂ ಇದು ಬಗ್ಗುವುದಿಲ್ಲ.

ಅಂತರ ಎಷ್ಟೆಂಬುದು ಶಾಖದಲ್ಲಿಯೂ ಕಾಣುತ್ತದೆ. 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡಕ್ ಪ್ಲೇಗ್ ವೈರಸ್ 10 ನಿಮಿಷಗಳಲ್ಲಿ ನಿಷ್ಕ್ರಿಯವಾಗುತ್ತದೆ, ಹೆಪಟೈಟಿಸ್ ಎ ವೈರಸ್ ಅದೇ ಶಾಖದಲ್ಲಿ ಒಂದು ಗಂಟೆ ಕಳೆದರೂ ಉಳಿದಿರುತ್ತದೆ.

ಗದ್ದೆಬದಿ

ಬಹಳ ಉಪಕಾರವಾಯಿತು. ಪೊರೆ ರಕ್ಷಣೆಗಲ್ಲ, ಒಳನುಗ್ಗುವುದಕ್ಕೆ ಎಂಬ ಮಾತು ಮನಸ್ಸಿಗೆ ಹತ್ತಿತು. ಹಾಗಾದರೆ ವೈರಸ್ ಚಿಕ್ಕದಾದಷ್ಟೂ ಗಟ್ಟಿ ಎಂದು ತಿಳಿಯಬಹುದೇ?

ಉತ್ತರ 2: ಹೆಬ್ಬಾತು

ಹಾಗೆ ತಿಳಿಯಲಾಗದು. ಗಾತ್ರವನ್ನು ಹಿಡಿದು ಹೊರಟರೆ ದಾರಿ ತಪ್ಪುತ್ತದೆ ಎಂಬುದಕ್ಕೆ ಜಲಪಕ್ಷಿಗಳ ವೈರಸ್ಸುಗಳಲ್ಲೇ ಒಳ್ಳೆಯ ಉದಾಹರಣೆಗಳಿವೆ.

ನಿಮ್ಮ ಊಹೆಯನ್ನು ಬೆಂಬಲಿಸುವುದು ಹೆಬ್ಬಾತುಗಳ ಪಾರ್ವೊ ವೈರಸ್. ಚೀನಾದಲ್ಲಿ 1956ರಲ್ಲಿ ಗುರುತಿಸಲ್ಪಟ್ಟ ಈ ರೋಗಕ್ಕೆ ಮುಂದೆ ಹಂಗೇರಿಯ ವಿಜ್ಞಾನಿ ಡೆರ್ಜಿಯ ಹೆಸರು ಅಂಟಿಕೊಂಡಿತು. ಸುಮಾರು 5,100 ಅಕ್ಷರಗಳ ಒಂದೆಳೆ ಡಿಎನ್‌ಎ, ಎರಡೂ ತುದಿಗಳಲ್ಲಿ ಹೇರ್‌ಪಿನ್ನಿನಂತೆ ಮಡಚಿಕೊಂಡಿರುತ್ತದೆ. ಚಿಪ್ಪು 20ರಿಂದ 25 ನ್ಯಾನೋಮೀಟರ್ ಅಗಲವಿದ್ದು ಒಟ್ಟು 60 ಪ್ರೋಟೀನ್ ತುಣುಕುಗಳಿಂದ ಆಗಿದೆ, ಅವುಗಳಲ್ಲಿ ವಿಪಿ3 ಎಂಬುದರದೇ ಸಿಂಹಪಾಲು. ಇದನ್ನು 65 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೂ ಸೋಂಕುವ ಶಕ್ತಿ ಕುಗ್ಗುವುದಿಲ್ಲ.

ಆದರೆ ಟೆಂಬುಸು ವೈರಸ್ಸನ್ನು ನೋಡಿ. 2010ರಲ್ಲಿ ಚೀನಾದ ಸಾಕಣೆ ಕೇಂದ್ರಗಳಲ್ಲಿ ಬಾತುಕೋಳಿಗಳ ಮೊಟ್ಟೆ ಇಳುವರಿಯನ್ನು ಏಕಾಏಕಿ ನೆಲಕಚ್ಚಿಸಿದ್ದು ಇದೇ. ಡೆಂಗ್ಯೂ ವೈರಸ್ಸಿನ ಕುಲಕ್ಕೆ ಸೇರಿದ ಇದು 50 ನ್ಯಾನೋಮೀಟರ್ ಮಾತ್ರ, ಡಕ್ ಪ್ಲೇಗ್ ವೈರಸ್ಸಿನ ಒಳಕವಚಕ್ಕಿಂತಲೂ ಕಿರಿದು. ಹಾಗಿದ್ದರೂ ಅದಕ್ಕೆ ಕೊಬ್ಬಿನ ಪೊರೆ ಇರುವುದರಿಂದ ಸಾಬೂನಿಗೆ ಸೋಲುತ್ತದೆ.

ಹೆಸರೂ ನಂಬಿಕೆಗೆ ಅರ್ಹವಲ್ಲ. ಡಕ್ ಹೆಪಟೈಟಿಸ್ ಬಿ ಎಂಬ ಇನ್ನೊಂದು ವೈರಸ್ ಇದೆ. ಪೆಕಿನ್ ಬಾತುಕೋಳಿಗಳಲ್ಲಿ ಇದು ಕಂಡುಬಂದುದನ್ನು 1980ರಲ್ಲಿ ವರದಿ ಮಾಡಲಾಯಿತು, ಮನುಷ್ಯರ ಹೆಪಟೈಟಿಸ್ ಬಿಯನ್ನು ಅರಿಯಲು ಪ್ರಯೋಗಶಾಲೆಗಳಿಗೆ ಇದರಿಂದ ದೊಡ್ಡ ನೆರವಾಯಿತು. ಅದಕ್ಕೆ ಪೊರೆ ಇದೆ. ನಿಮ್ಮ ವೈದ್ಯರು ಹೇಳಿದ ಎ ವೈರಸ್ಸಿಗೂ ಅದಕ್ಕೂ ಯಕೃತ್ತು ಎಂಬ ಅಂಗದ ಹೊರತು ಬೇರೆ ನಂಟಿಲ್ಲ.

ಉತ್ತರ 3: ಕುಟ್ಟನಾಡಿನ ನೆಂಟ

ಮೇಲಿನ ಇಬ್ಬರೂ ಸೊಗಸಾಗಿ ವಿವರಿಸಿದ್ದಾರೆ, ಆದರೂ ಪೊರೆ ಇರುವ ವೈರಸ್ ಎಂದರೆ ಸುಲಭದ ಶತ್ರು ಎಂಬ ಅಭಿಪ್ರಾಯ ಉಳಿಯಬಾರದೆಂದು ಎರಡು ಮಾತು ಸೇರಿಸುತ್ತಿದ್ದೇನೆ. ಹಕ್ಕಿಜ್ವರದ ವೈರಸ್ಸಿಗೂ ಪೊರೆ ಇದೆ. ಅದೇ ವೈರಸ್ 2014ರ ಕೊನೆಯಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳ ಬಾತುಕೋಳಿ ಹಿಂಡುಗಳನ್ನು ಹೇಗೆ ಬರಿದು ಮಾಡಿತೆಂಬುದು ಅಲ್ಲಿನ ಸಾಕಣೆಗಾರರೆಲ್ಲರಿಗೂ ಗೊತ್ತು. ತಣ್ಣನೆಯ ನೀರಿನಲ್ಲಿ ಆ ಪೊರೆಯನ್ನು ಕರಗಿಸುವಂಥದ್ದು ಏನೂ ಇರುವುದಿಲ್ಲ, ಅಲ್ಲಿ ವೈರಸ್ ವಾರಗಟ್ಟಲೆ ಬಾಳಬಲ್ಲದು. ಮರಿಮನೆಯ ಸಿಮೆಂಟು ನೆಲವನ್ನು ತೊಳೆಯಬಹುದು, ಗದ್ದೆಯ ನೀರನ್ನು ತೊಳೆಯುವವರಾರು?

ಡಕ್ ಪ್ಲೇಗ್‌ನಲ್ಲಿ ಇನ್ನೊಂದು ತೊಡಕೂ ಇದೆ. ಹರ್ಪಿಸ್ ಕುಟುಂಬದ ಎಲ್ಲ ವೈರಸ್ಸುಗಳಂತೆ ಇದೂ ಗುಣವಾದ ಹಕ್ಕಿಯ ದೇಹದಲ್ಲಿ, ಮುಖ್ಯವಾಗಿ ಮುಖದ ನರದ ಗಂಟಿನಲ್ಲಿ, ಅಡಗಿ ಕುಳಿತುಕೊಳ್ಳುತ್ತದೆ. ಆಗ ಅದಕ್ಕೆ ಪೊರೆಯೂ ಇಲ್ಲ, ಕವಚವೂ ಇಲ್ಲ, ಬರಿಯ ಡಿಎನ್‌ಎ. ಆಯಾಸದ ಕಾಲದಲ್ಲಿ ಮತ್ತೆ ಎಲ್ಲವನ್ನೂ ಕಟ್ಟಿಕೊಂಡು ಹೊರಬರುತ್ತದೆ. ರೋಗದಿಂದ ಚೇತರಿಸಿಕೊಂಡ ಹಳೆಯ ಬಾತುಗಳನ್ನು ಹೊಸ ಮರಿಗಳೊಂದಿಗೆ ಬಿಡಬಾರದೆಂದು ಹೇಳುವುದು ಇದಕ್ಕಾಗಿಯೇ.

ಸೂಕ್ಷ್ಮದರ್ಶಕ

ಮೂರನೆಯ ಉತ್ತರವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದಕ್ಕೇ ಡಕ್ ಪ್ಲೇಗ್‌ಗೆ ಲಸಿಕೆಯೇ ಮುಖ್ಯ ಉಪಾಯ. ಕೇರಳದ ಪಾಲೋಡಿನ ಸರ್ಕಾರಿ ಸಂಸ್ಥೆ ಅದನ್ನು ತಯಾರಿಸುತ್ತದೆ. ಲಸಿಕೆಯಲ್ಲಿರುವುದು ಬಲಗುಂದಿಸಿದ ಜೀವಂತ ವೈರಸ್, ಅದಕ್ಕೂ ಅದೇ ಕೊಬ್ಬಿನ ಪೊರೆ ಇದೆ ಎಂಬುದನ್ನು ಗದ್ದೆಬದಿಯವರು ಮರೆಯಬಾರದು. ಸಿರಿಂಜನ್ನು ಸ್ಪಿರಿಟಿನಿಂದಲೋ ಸೋಂಕುನಿವಾರಕದಿಂದಲೋ ತೊಳೆದು, ಅದರಲ್ಲಿಯೇ ಲಸಿಕೆ ತುಂಬಿದರೆ ನೀವು ಚುಚ್ಚುವುದು ಸತ್ತ ಲಸಿಕೆಯನ್ನು. ನೀರಿನಲ್ಲಿ ಕುದಿಸಿ ಆರಿಸಿದ ಸಿರಿಂಜನ್ನೇ ಬಳಸಿ, ಕಲಸಿದ ಲಸಿಕೆಯನ್ನು ಮುಗಿಯುವವರೆಗೂ ಐಸ್ ಮೇಲೆಯೇ ಇಟ್ಟುಕೊಳ್ಳಿ.

ಇನ್ನು ನಿಮ್ಮ ಮರಿಮನೆಯ ವಿಚಾರ. ಪೊರೆಯಿಲ್ಲದ ವೈರಸ್ಸನ್ನು ಕೊಲ್ಲಲು ಪ್ರೋಟೀನ್ ಚಿಪ್ಪನ್ನೋ ಒಳಗಿನ ಆರ್‌ಎನ್‌ಎಯನ್ನೋ ಕೆಡಿಸುವಂತಹ ರಾಸಾಯನಿಕ ಬೇಕು. ಶೇಕಡಾ 2ರ ಕಾಸ್ಟಿಕ್ ಸೋಡಾ ದ್ರಾವಣ ಸುಮಾರು 2 ಗಂಟೆಯಲ್ಲಿ ಹೆಪಟೈಟಿಸ್ ಎ ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತದೆ. ಆದರೆ ಹಳೆಯ ಹೊಟ್ಟಿನ ಹಾಸನ್ನು ತೆಗೆಯದೆ, ಅಂಟಿದ ಹಿಕ್ಕೆಯನ್ನು ಕೆರೆಯದೆ ಸುರಿದರೆ ದ್ರಾವಣ ವೈರಸ್ಸಿನವರೆಗೆ ತಲಪುವುದೇ ಇಲ್ಲ. ಸಾಬೂನು ನೀರಿಗೆ ಇಲ್ಲಿಯೂ ಕೆಲಸವಿದೆ, ಕೊಲ್ಲುವುದಕ್ಕಲ್ಲ, ಕೊಳೆಯನ್ನು ಎಬ್ಬಿಸುವುದಕ್ಕೆ. ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಅಲ್ಯೂಮಿನಿಯಂ ಪಾತ್ರೆಗಳನ್ನು ತಿಂದುಹಾಕುತ್ತದೆ. ಆದ್ದರಿಂದ ರಬ್ಬರ್ ಕೈಗವಸು, ಬೂಟು, ಕನ್ನಡಕ ಧರಿಸಿಯೇ ಬಳಸಿ, ನೆಲವನ್ನು ಚೆನ್ನಾಗಿ ತೊಳೆದು ಒಣಗಿಸಿದ ಬಳಿಕವೇ ಮರಿಗಳನ್ನು ಬಿಡಿ.

ಗದ್ದೆಬದಿ

ಸಿರಿಂಜನ್ನು ಇಷ್ಟು ದಿನ ಸ್ಪಿರಿಟಿನಲ್ಲಿಯೇ ತೊಳೆಯುತ್ತಿದ್ದೆ. ನಾಳೆ ಸಂಜೆ ಲಸಿಕೆ ಹಾಕುವುದಿದೆ, ಕುದಿಸಲು ಪಾತ್ರೆ ಈಗಲೇ ತೆಗೆದಿಟ್ಟಿದ್ದೇನೆ.