ಸಹಾಯ ಬೇಕು: ಬಾತ್‌ರೂಮ್ ಪಕ್ಕದ ಗೋಡೆಗೆ ತೇವ, ವಾರ್ಡ್‌ರೋಬ್ ಹಿಂದೆ ಬೂಷ್ಟು

ಉಡುಪಿ, ಎರಡನೇ ಮಹಡಿಯ ಫ್ಲ್ಯಾಟ್, ಕೆಂಪುಕಲ್ಲಿನ ಗೋಡೆ. ಬೆಡ್‌ರೂಮ್ ಕಡೆ ನೆಲದಿಂದ ಎರಡೂವರೆ ಅಡಿವರೆಗೆ ಪುಟ್ಟಿ ಉಬ್ಬಿ ಹಪ್ಪಳದ ಹಾಗೆ ಏಳುತ್ತಿದೆ. ವಾರ್ಡ್‌ರೋಬ್ ಹಿಂದೆ ಗಾಳಿಯಾಡದ ಕಡೆಯೆಲ್ಲ ಕಪ್ಪು ಬೂಷ್ಟು. ಉಬ್ಬಸ ಇರುವ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತಿದ್ದೇವೆ.

ಬಾತ್‌ರೂಮ್ ನೆಲದ ಟ್ರ್ಯಾಪ್‌ಗೆ (ನೀರು ಹೋಗುವ ಕಿಂಡಿ) ಪ್ಲಗ್ ಹಾಕಿ 2 ಇಂಚು ನೀರು ನಿಲ್ಲಿಸಿದರೆ 24 ಗಂಟೆಯಾದರೂ ಮಟ್ಟ ಇಳಿಯಲಿಲ್ಲ, ಹಾಗಾಗಿ ನೆಲದ ವಾಟರ್‌ಪ್ರೂಫಿಂಗ್ ಸದ್ಯಕ್ಕೆ ಸರಿ ಅಂತ ಲೆಕ್ಕ. ಪೈಪ್ ಸೋರಿಕೆ ನೋಡಲು ಪ್ರೆಶರ್ ಪಂಪ್ ಹಾಕಿದಾಗ ತಣ್ಣೀರಿನ ಲೈನ್‌ನ ಒತ್ತಡ 5 ಕೆಜಿಯಲ್ಲೇ ನಿಂತಿತು, ಬಿಸಿನೀರಿನದು ಅರ್ಧ ಗಂಟೆಯಲ್ಲಿ 3ಕ್ಕೆ ಬಂತು, ಅಂದರೆ ಸೋರಿಕೆ ಬಿಸಿನೀರಿನ ಲೈನ್‌ನಲ್ಲಿ. ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪ್, ಡೈವರ್ಟರ್ (ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವ ವಾಲ್ವ್) ಹಿಂದಿನ ಹಿತ್ತಾಳೆ ಥ್ರೆಡ್ ಜಾಯಿಂಟ್ ಮೇಲೆ ಅನುಮಾನ.

ಪೇಂಟರ್ ಡ್ಯಾಂಪ್‌ಪ್ರೂಫ್ ಪೇಂಟ್ ಬಳಿಯೋಣ ಅಂತಾನೆ. ಬೇಡ ಅಂದಿದ್ದೇವೆ: ನೀರಿನ ಮೂಲ ನಿಲ್ಲಿಸದೆ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಪದರವನ್ನೇ ಎಬ್ಬಿಸುತ್ತದೆ. ಬೂಷ್ಟನ್ನು ಒಣಗಿರುವಾಗಲೇ ಕೆರೆಯದೆ, ಎನ್95 ಮಾಸ್ಕ್ ಹಾಕಿ ಸೋಪುನೀರಲ್ಲಿ ಒರೆಸಿದ್ದಾಗಿದೆ.

ಗೊತ್ತಿದ್ದವರು ಹೇಳಿ: ಎಲ್ಲ ಟೈಲ್ ಒಡೆಯದೆ, ಬೆಡ್‌ರೂಮ್ ಕಡೆಯಿಂದಲೇ ಗೋಡೆ ಕೊರೆದು ಜಾಯಿಂಟ್ ಬದಲಿಸಬಹುದೇ? ಕೆಂಪುಕಲ್ಲು ನೀರು ಕುಡಿದಿದೆ, ಈ ಮಳೆಗಾಲದಲ್ಲಿ ಎಷ್ಟು ದಿನ ಒಣಗಿಸಬೇಕು? ಪುಟ್ಟಿ ಬದಲು ಸುಣ್ಣದ ಗಾರೆ ಮಾಡುವ ಮೇಸ್ತ್ರಿ ಮಣಿಪಾಲ ಕಡೆ ಸಿಗುತ್ತಾರಾ?