ಡಿಸ್ಚಾರ್ಜ್ ಆದ ಮೇಲೆ ಮನೆಗೆ ಯಾರು ಬೇಕು? ಹೋಂ ಕೇರ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಕಾಪುವಿನವರು, ಈಗ ದುಬೈಯಲ್ಲಿ):
ನಮಸ್ತೆ ಸಿಸ್ಟರ್. ಅಮ್ಮನಿಗೆ 74 ವರ್ಷ. ಸ್ಟ್ರೋಕ್ ಆಗಿ ಮಣಿಪಾಲದಲ್ಲಿ ಅಡ್ಮಿಟ್ ಆಗಿದ್ದಾರೆ. ಬಲಗೈ, ಬಲಗಾಲು ಆಡುತ್ತಿಲ್ಲ. ಮೂಗಿನಲ್ಲಿ ಊಟದ ಪೈಪ್ ಉಂಟು, ಮೂತ್ರಕ್ಕೆ ಕ್ಯಾಥೆಟರ್ ಉಂಟು. ಮುಂದಿನ ವಾರ ಡಿಸ್ಚಾರ್ಜ್ ಅಂದಿದ್ದಾರೆ. ಮನೆಯಲ್ಲಿ ಅಪ್ಪ ಒಬ್ಬರೇ, ಅವರಿಗೂ ವಯಸ್ಸಾಗಿದೆ. ಎರಡು ಏಜೆನ್ಸಿಗೆ ಫೋನ್ ಮಾಡಿದೆ. ಎರಡೂ ಕಡೆ "24 ಗಂಟೆಯ ಹೋಂ ನರ್ಸ್ ಕೊಡುತ್ತೇವೆ" ಅಂದರು. ಆದರೆ ರೇಟಿನಲ್ಲಿ ತುಂಬಾ ವ್ಯತ್ಯಾಸ. ಯಾರನ್ನು ನಂಬುವುದು?

ಉತ್ತರ (ಹೋಂ ಕೇರ್ ನರ್ಸಿಂಗ್ ಸೂಪರ್‌ವೈಸರ್, ಉಡುಪಿ):
ರೇಟ್ ಆಮೇಲೆ ನೋಡುವ ಅಣ್ಣ. ಮೊದಲು "ಕಳಿಸುವವರು ಏನು ಓದಿದ್ದಾರೆ?" ಅಂತ ಎರಡೂ ಕಡೆ ಕೇಳಿ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಅಂದರೆ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ಅಂದರೆ ನಾಲ್ಕು ವರ್ಷದ ಓದು. ಅದು ಮುಗಿಸಿದವರಿಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ರಿಜಿಸ್ಟ್ರೇಷನ್ ನಂಬರ್ ಇರುತ್ತದೆ. ಕೆಲವೇ ತಿಂಗಳ ತರಬೇತಿ ಪಡೆದ ಕೇರ್‌ಗಿವರ್‌ಗಳು ಬೇರೆ. ಸುಮ್ನೆ ಅನುಭವದಿಂದ ಕಲಿತವರೂ ಇದ್ದಾರೆ. ಮೂವರನ್ನೂ ಹೋಂ ನರ್ಸ್ ಅಂತಲೇ ಕಳಿಸುತ್ತಾರೆ. ನಿಮಗೆ ಸಿಕ್ಕಿದ ಎರಡು ರೇಟ್ ಒಂದೇ ತರದ ಜನಕ್ಕೆ ಇರಲಿಕ್ಕಿಲ್ಲ.

ಈಗ ಅಮ್ಮನ ಒಂದು ದಿನ ಲೆಕ್ಕ ಹಾಕಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು, ಪೈಪಿನಲ್ಲಿ ಊಟ ಕೊಡಬೇಕು, ಮೂತ್ರದ ಚೀಲ ಖಾಲಿ ಮಾಡಬೇಕು. ಇಷ್ಟನ್ನು ಚೆನ್ನಾಗಿ ಕಲಿತ ಕೇರ್‌ಗಿವರ್ ಮಾಡಬಲ್ಲರು. ಮೂಗಿನ ಪೈಪ್ ಬದಲಿಸುವುದು, ಕ್ಯಾಥೆಟರ್ ಬದಲಿಸುವುದು, ಇಂಜೆಕ್ಷನ್, ಗಾಯದ ಡ್ರೆಸಿಂಗ್ ಇವೆಲ್ಲ ನರ್ಸ್ ಕೆಲಸ. ಅದಕ್ಕೆ ಅವರು ದಿನವಿಡೀ ಕೂರಬೇಕಾಗಿಲ್ಲ, ಬೇಕಾದ ದಿನ ಬಂದು ಹೋದರೆ ಸಾಕು. ಹಾಗಾಗಿ ನಿಮಗೆ ಮನೆಯಲ್ಲೇ ಇರುವ ಕೇರ್‌ಗಿವರ್, ಕರೆದಾಗ ಬರುವ ನರ್ಸ್, ಫಿಸಿಯೋಥೆರಪಿಸ್ಟ್ ಈ ಮೂವರು ಬೇಕು. ಫಿಸಿಯೋ ಮುಂದೂಡಬೇಡಿ. ಗಂಟಲಲ್ಲಿ ತೂತು ಮಾಡಿ ಟ್ಯೂಬ್ ಹಾಕಿದವರಿಗೆ, ಮನೆಯಲ್ಲಿ ವೆಂಟಿಲೇಟರ್ ಇದ್ದವರಿಗೆ ಸಾಮಾನ್ಯವಾಗಿ ಹಗಲು ರಾತ್ರಿ ನರ್ಸ್ ಬೇಕಾಗುತ್ತದೆ. ಅಮ್ಮನ ಸ್ಥಿತಿ ಹಾಗಿಲ್ಲ ಅಲ್ವಾ?

ಡಿಸ್ಚಾರ್ಜ್ ಮೊದಲು ಡಾಕ್ಟರನ್ನು ಎರಡು ಮಾತು ಕೇಳಲೇಬೇಕು. ಕ್ಯಾಥೆಟರ್ ಇನ್ನೂ ಬೇಕಾ? ದಿನ ಹೆಚ್ಚಾದಷ್ಟು ಇನ್ಫೆಕ್ಷನ್ ಆಗುವ ಸಾಧ್ಯತೆ ಜಾಸ್ತಿ. ತೆಗೆಯಬಹುದು ಅಂದರೆ ಅಲ್ಲೇ ತೆಗೆಸಿ. ಬೇಕು ಅಂದರೆ ಯಾವಾಗ ಬದಲಿಸಬೇಕು ಅಂತ ಡಿಸ್ಚಾರ್ಜ್ ಶೀಟಿನಲ್ಲಿ ಬರೆಸಿಕೊಳ್ಳಿ. ಇನ್ನೊಂದು, ನುಂಗುವ ಪರೀಕ್ಷೆ ಮತ್ತೆ ಯಾವಾಗ ಮಾಡುತ್ತೀರಿ ಅಂತ. ಊಟದ ಪೈಪ್ ಎಷ್ಟು ದಿನ ಅನ್ನುವುದು ಅದರ ಮೇಲೆ ನಿಂತಿದೆ.

ಕೇರ್‌ಗಿವರನ್ನು ಡಿಸ್ಚಾರ್ಜ್ ದಿನ ನೇರ ಮನೆಗೆ ಕರೆಸಬೇಡಿ. ಒಂದೆರಡು ದಿನ ಮೊದಲೇ ವಾರ್ಡಿಗೆ ಬರಲಿ. ವಾರ್ಡ್ ಸಿಸ್ಟರ್ ಎದುರಲ್ಲೇ ಅವರ ಕೈಯಿಂದ ಒಮ್ಮೆ ಊಟ ಕೊಡಿಸಿ. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತಿದರಾ? ಮೂಗಿನ ಹತ್ತಿರ ಪೈಪಿನ ಮೇಲಿರುವ ಗುರುತು ನೋಡಿದರಾ? ಸಿರಿಂಜಿನಿಂದ ಒತ್ತಿ ತಳ್ಳದೆ ತಾನಾಗಿ ಇಳಿಯಲು ಬಿಟ್ಟರಾ? ಕೊನೆಗೆ ನೀರು ಹಾಕಿ ಪೈಪ್ ತೊಳೆದರಾ? ಊಟ ಆದ ಮೇಲೆ ಕಡಿಮೆ ಅಂದರೂ ಅರ್ಧ ಗಂಟೆ ಅಮ್ಮ ಹಾಗೇ ಒರಗಿರಬೇಕು. ಕೂಡಲೇ ಚಪ್ಪಟೆ ಮಲಗಿಸಿದರೆ ಊಟ ಶ್ವಾಸಕೋಶಕ್ಕೆ ಹೋಗಬಹುದು. ಮತ್ತೆ ನೆನಪಿಡಿ, ಪೈಪ್ ಹೊರಗೆ ಬಂದರೆ ಯಾರೂ ಒಳಗೆ ತಳ್ಳಬಾರದು. ಊಟ ನಿಲ್ಲಿಸಿ ನರ್ಸಿಗೆ ಫೋನ್ ಮಾಡಬೇಕು. ಇದನ್ನು ಅಪ್ಪನಿಗೂ ಹೇಳಿ.

ಪ್ರಶ್ನೆ (ಸುರತ್ಕಲ್):
ನಮ್ಮ ಮಾವನಿಗೆ ಇಟ್ಟವರು ದೀಪಾವಳಿಗೆ ಊರಿಗೆ ಹೋದವರು ಬರಲೇ ಇಲ್ಲ. ಏಜೆನ್ಸಿಯವರು ಫೋನೂ ತೆಗೆಯಲಿಲ್ಲ, ಡೆಪಾಸಿಟ್ ಸಹ ಹೋಯಿತು.

ಉತ್ತರ:
ಕೇಳಿ ಬೇಸರವಾಯಿತು ಅಕ್ಕ. ಹಬ್ಬದ ಹೊತ್ತಿಗೆ ಅವರಿಗೂ ಮನೆಗೆ ಹೋಗಬೇಕು ಅನಿಸುತ್ತದೆ, ಅದು ತಪ್ಪಲ್ಲ. ಬದಲಿ ಜನ ಕಳಿಸುವುದು ಏಜೆನ್ಸಿಯ ಜವಾಬ್ದಾರಿ. ಎಷ್ಟು ಗಂಟೆಯೊಳಗೆ ಕಳಿಸುತ್ತಾರೆ, ಕಳಿಸದಿದ್ದರೆ ಹಣ ಹೇಗೆ ವಾಪಸ್ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಅಂಥವರು ಬೇಡ. ಗುರುತಿನ ಚೀಟಿಯ ಪ್ರತಿ, ಪೊಲೀಸ್ ವೆರಿಫಿಕೇಶನ್ ಎರಡೂ ಕೇಳಿ. ಕೇಳಿದ್ದಕ್ಕೆ ಯಾರೂ ಬೇಸರ ಮಾಡಬೇಕಾಗಿಲ್ಲ.

24 ಗಂಟೆ ಅಂದರೆ 24 ಗಂಟೆ ಎಚ್ಚರ ಅಂತಲ್ಲ. ಅವರಿಗೆ ಮಲಗಲು ಜಾಗ, ಹೊತ್ತಿಗೆ ಊಟ, ಹಗಲಲ್ಲಿ ಒಂದಿಷ್ಟು ವಿಶ್ರಾಂತಿ ಬೇಕು. ಮನೆಮಂದಿಗೆಲ್ಲ ಅಡುಗೆ, ಪಾತ್ರೆ ಅಂತ ಹೇರಿದರೆ ಯಾರು ನಿಲ್ಲುತ್ತಾರೆ ಹೇಳಿ. ರಾತ್ರಿ ಪೂರ್ತಿ ಎಚ್ಚರ ಇರಬೇಕಾದ ರೋಗಿಗೆ 12 ಗಂಟೆಯ ಎರಡು ಪಾಳಿಯೇ ಸರಿ.

ಪ್ರಶ್ನೆ (ಕಾಪುವಿನವರು):
ತುಂಬಾ ಉಪಕಾರ ಸಿಸ್ಟರ್. ಆಯುಷ್ಮಾನ್ ಕಾರ್ಡಿನಲ್ಲಿ ಇದು ಬರುತ್ತದಾ? ದೂರದಲ್ಲಿ ಕೂತು ನಾನು ಏನು ನೋಡಬಹುದು?

ಉತ್ತರ:
ಆಯುಷ್ಮಾನ್ ಇರುವುದು ಆಸ್ಪತ್ರೆಗೆ ಸೇರುವವರಿಗೆ. ಕೇರ್‌ಗಿವರ್ ಸಂಬಳ ಅದರಲ್ಲಿ ಬರುವುದಿಲ್ಲ. ಪ್ರೈವೇಟ್ ಪಾಲಿಸಿಗಳಲ್ಲೂ ಸಾಮಾನ್ಯವಾಗಿ ಇಲ್ಲ. ಆದರೂ ನಿಮ್ಮ ಪಾಲಿಸಿಯಲ್ಲಿ ಮನೆ ಚಿಕಿತ್ಸೆಯ ಷರತ್ತು ಏನುಂಟು ಅಂತ ಓದಿ ನೋಡಿ.

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಊಟ ಕೊಟ್ಟ ಹೊತ್ತು, ಮೂತ್ರ ಎಷ್ಟು, ಬಿಪಿ, ಮಗ್ಗುಲು ಬದಲಿಸಿದ ಹೊತ್ತು ಎಲ್ಲ ಬರೆಯಲಿ. ರಾತ್ರಿ ಆ ಪುಟದ ಫೋಟೋ ನಿಮಗೆ ಕಳಿಸಲಿ. ಮೂತ್ರದ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೇ ತೂಗಬೇಕು, ವೀಡಿಯೋ ಕಾಲ್‌ನಲ್ಲಿ ಅದು ನಿಮಗೇ ಕಾಣುತ್ತದೆ. ಕ್ಯಾಮರಾ ಹಾಕಿಸುವುದಾದರೆ ಕೇರ್‌ಗಿವರ್‌ಗೆ ಹೇಳಿಯೇ ಹಾಕಿಸಿ. ಏರ್ ಬೆಡ್ (ಕರೆಂಟಿನಿಂದ ಗಾಳಿ ತುಂಬುವ ಹಾಸಿಗೆ) ತಂದರೆ ಇನ್ವರ್ಟರ್‌ಗೆ ಸೇರಿಸಿ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು ನಿಮಗೆ ಗೊತ್ತೇ ಉಂಟು. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಮೈ ಒರೆಸುವಾಗ ಸೊಂಟದ ಕೆಳಗಿನ ಮೂಳೆಯ ಜಾಗ, ಹಿಮ್ಮಡಿ ಎರಡನ್ನೂ ದಿನಾ ಅಪ್ಪ ನೋಡಲಿ. ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದರೂ ಕೆಂಪು ಹೋಗದಿದ್ದರೆ ಬೆಡ್ ಸೋರ್ (ಮಲಗಿದಲ್ಲೇ ಇದ್ದು ಆಗುವ ಹುಣ್ಣು) ಶುರುವಾಗಿದೆ ಅಂತಲೇ ತಿಳಿಯಿರಿ. ಉಜ್ಜಬಾರದು, ಆ ಭಾಗಕ್ಕೆ ಭಾರ ಬೀಳದಂತೆ ಮಲಗಿಸಬೇಕು. ಅವತ್ತೇ ನರ್ಸನ್ನು ಕರೆಸಿ.