ಮುಖ್ಯ ಶಿಕ್ಷಕಿಯ ದಿನವೆಲ್ಲ ಮಾಹಿತಿ ಕಳಿಸೋದರಲ್ಲೇ ಹೋಗ್ತಿದೆ, ಯಾವುದನ್ನ ಬಿಡಲಿ?

ಪ್ರಭಾರಿ ಮುಖ್ಯ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಜೂನ್‌ನಿಂದ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಪ್ರಭಾರ ನನ್ನ ಮೇಲಿದೆ. ಬೆಳಿಗ್ಗೆ ಹಾಲಿನ ಪುಡಿಯ ಲೆಕ್ಕ, ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಹಾಜರಿ. ಅಷ್ಟರಲ್ಲಿ ವಾಟ್ಸಾಪ್‌ಗೆ ‘ತುರ್ತು, ಮಧ್ಯಾಹ್ನದೊಳಗೆ ಕಳಿಸಿ’ ಅಂತ ಒಂದು ನಮೂನೆ. ಅದನ್ನ ತುಂಬ್ತಿರುವಾಗ ಮೊಟ್ಟೆ ಬರುತ್ತೆ, ಶೂ ಖರೀದಿ ಬಿಲ್ಲಿಗೆ ಸಹಿ ಬೇಕು ಅಂತಾರೆ. ಜೊತೆಯ ಶಿಕ್ಷಕರದ್ದೂ ಇದೇ ಓಡಾಟ. ಐದನೇ ತರಗತಿಯ ಹಲವು ಮಕ್ಕಳಿಗೆ ಒತ್ತಕ್ಷರ ಓದೋಕೆ ಬರಲ್ಲ. ಜೂನ್‌ನಲ್ಲೂ ಬರ್ತಿರಲಿಲ್ಲ, ಈಗಲೂ ಇಲ್ಲ. ಇದೇ ನನ್ನನ್ನ ಕೊರೀತಿದೆ. ಯಾವುದನ್ನ ಹಿಡೀಲಿ, ಯಾವುದನ್ನ ಬಿಡಲಿ? ಅನುಭವಸ್ಥರು ಹೇಳಿ.

ನಿವೃತ್ತ ಮುಖ್ಯೋಪಾಧ್ಯಾಯ, ತುಮಕೂರು

ಮೇಡಂ, ಮೊದಲು ಹಿಡಿಯೋದನ್ನ ಹೇಳ್ತೀನಿ. ಪ್ರಾರ್ಥನೆ ಮುಗಿದ ಮೇಲಿನ ಎರಡು ಪೀರಿಯಡ್ ನೀವು ತರಗತಿಯಲ್ಲೇ ಇರಿ. ಫೋನು ಬೀರುವಿನಲ್ಲಿರಲಿ, ಬಂದವರು ಕಾಯಲಿ.

ಒಂದೊಂದೇ ಮಗುವನ್ನ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಪಠ್ಯಪುಸ್ತಕದ ಪಾಠ ಬೇಡ, ಅದು ಕೇಳಿ ಕೇಳಿ ಬಾಯಿಪಾಠ ಆಗಿರುತ್ತೆ. ಬೆರಳು ಒಂದು ಪದದ ಮೇಲೆ, ಬಾಯಿ ಮುಂದಿನ ಸಾಲಿನಲ್ಲಿ! ಅವರು ಎಂದೂ ಕಂಡಿರದ ನಾಲ್ಕು ಸಾಲು ಕೊಡಿ. ‘ಅಕ್ಕ’ನನ್ನ ‘ಅಕ’ ಅಂತ ಓದೋ ಮಗು ಬೇರೆ, ‘ಕೊ’, ‘ಕೋ’ ಎರಡರ ನಡುವೆ ತಡವರಿಸೋ ಮಗು ಬೇರೆ, ಮೂಲಾಕ್ಷರದಲ್ಲೇ ನಿಂತ ಮಗು ಬೇರೆ ಅಂತ ಆಗ ಕಾಣುತ್ತೆ. ಇವರಿಗೆಲ್ಲ ಒಂದೇ ಪಾಠ ಮಾಡಿದರೆ ಯಾರಿಗೂ ದಕ್ಕಲ್ಲ. ನಾಲ್ಕು, ಐದನೇ ತರಗತಿಯವರನ್ನ ಬೆರೆಸಿ ಹೀಗೆ ಗುಂಪು ಮಾಡಿ. ದಿನಾ ಅರ್ಧ ಗಂಟೆ, ಗುಂಪಿಗೊಬ್ಬರು ಶಿಕ್ಷಕರು. ಮೂಲಾಕ್ಷರದ ಗುಂಪು ನಿಮಗಿರಲಿ. ಎಲ್ಲಕ್ಕಿಂತ ಕಷ್ಟದ ಗುಂಪನ್ನ ಮುಖ್ಯ ಶಿಕ್ಷಕಿಯೇ ತಗೊಂಡಿದ್ದು ಕಂಡರೆ ಉಳಿದ ಶಿಕ್ಷಕರಿಗೆ ಬೇರೆ ಸುತ್ತೋಲೆ ಬೇಕಾಗಲ್ಲ.

ಮೇಲಿನಿಂದ ಕೇಳೋ ಮಾಹಿತಿ ಬಹುಪಾಲು ಅದದೇ: ದಾಖಲಾತಿ, ಜಾತಿವಾರು ಸಂಖ್ಯೆ, ಯುಡೈಸ್ ಕೋಡ್ (ಶಾಲೆಯ ಗುರುತಿನ ಸಂಖ್ಯೆ), ಬ್ಯಾಂಕ್ ಖಾತೆ, ಕೊಠಡಿ, ಶೌಚಾಲಯ. ಒಂದೇ ಹಾಳೆಯಲ್ಲಿ ಬರೆದಿಟ್ಟು ತಿಂಗಳಿಗೊಮ್ಮೆ ತಿದ್ದಿ. ಊಟದ ನಂತರ ಒಂದೇ ಸಲ ಕೂತು ಕಳಿಸಿಬಿಡಿ.

ಆದರೆ ಹಾಲು, ಬಿಸಿಯೂಟವನ್ನ ದಯವಿಟ್ಟು ಬರೀ ಓಡಾಟದ ಲೆಕ್ಕಕ್ಕೆ ಸೇರಿಸಬೇಡಿ. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ತಿಂದು 23 ಮಕ್ಕಳು ತೀರಿಕೊಂಡರು. ಬಡಿಸೋ ಮೊದಲು ಶಿಕ್ಷಕರು ರುಚಿ ನೋಡಬೇಕು ಅನ್ನೋ ನಿಯಮ ಬರೀ ಸಹಿಯಾಗಿ ಉಳೀಬಾರದು. 18 ಗ್ರಾಂ ಪುಡಿಗೆ 150 ಮಿ.ಲೀ. ಹಾಲು ಅನ್ನೋ ಲೆಕ್ಕ ಮಗುವಿನ ಲೋಟದಲ್ಲೂ ಸರಿ ಇದೆಯಾ ನೋಡಿ. ಏನೂ ತಿನ್ನದೆ ಬರೋ ಮಕ್ಕಳಿಗೆ ಬೆಳಗಿನ ತಿಂಡಿ ಅಂದರೆ ಅದೇ.

ಸಿಆರ್‌ಪಿ (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಆಗಿದ್ದವನು

ಮೇಲಿನ ಸರ್ ಹೇಳಿದ್ದು ಸರಿ. ‘ತುರ್ತು’ ಅಂತ ಬಂದದ್ದೆಲ್ಲ ಒಂದೇ ತೂಕದ್ದಲ್ಲ. ವಿದ್ಯಾರ್ಥಿವೇತನ, ಸಂಬಳದ ಬಿಲ್, ಯುಡೈಸ್‌ಗೆ ಕೊಡೋ ಶಾಲೆಯ ಮಾಹಿತಿ ತಪ್ಪಿದರೆ ಯಾರಿಗೋ ನಷ್ಟ, ಅವನ್ನ ಆವತ್ತೇ ಮುಗಿಸಿ. ಉಳಿದದ್ದಕ್ಕೆ ‘3 ಗಂಟೆಗೆ ಕಳಿಸ್ತೀನಿ’ ಅಂತ ಒಂದು ಸಾಲು ಹಾಕಿ. ಬೆಳಿಗ್ಗೆ ಪಾಠದಲ್ಲಿರ್ತೀನಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರಿಗೆ ಮೊದಲೇ ತಿಳಿಸಿಡಿ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಶೈಕ್ಷಣಿಕವಲ್ಲದ ಕೆಲಸಕ್ಕೆ ಶಿಕ್ಷಕರನ್ನ ನಿಯೋಜಿಸುವಂತಿಲ್ಲ. ಅಂಥ ಕೆಲಸ ಬಂದರೆ ಆ ಸೆಕ್ಷನ್ ಉಲ್ಲೇಖಿಸಿ ವಿನಯದಿಂದ ಪತ್ರ ಬರೀರಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಹಾವೇರಿ ಕಡೆ

ಅಕ್ಕೋರ, ಕಾಯ್ದೆ ಪ್ರಕಾರ ಸಮಿತಿಯೊಳಗ ಮುಕ್ಕಾಲು ಮಂದಿ ಪಾಲಕರ ಇರ್ಬೇಕು, ಅರ್ಧ ಹೆಣ್ಮಕ್ಕಳು. ಆದ್ರ ನಮ್ಮೂರಾಗ ಸಭಾಕ್ಕ ಕರದು ಸಹಿ ತಗೊಂಡು ಕಳಸ್ತಾರ, ಅಷ್ಟ. ಶೂ ಅಳತಿ ತಗೊಳ್ಳೋದು, ನೀರಿನ ಟಾಕಿ ತೊಳಸೋದು, ತತ್ತಿ ಎಣಿಸಿ ಇಳಿಸ್ಕೊಳ್ಳೋದು ನಮಗ ಹಚ್ರಿ, ಮಾಡ್ತೀವಿ. ಯಾರ ಮಗು ಎಲ್ಲಿ ನಿಂತೈತಿ ಅಂತ ಅವರವರ ತಾಯಿಗಿ ಹೇಳ್ರಿ. ನನ್ನ ಮಗ ಐದನೇತ್ತ ಅದಾನ. ಅವಂಗ ಓದಾಕ ಬರೂದಿಲ್ಲ ಅಂತ ನನಗ ಯಾರೂ ಹೇಳಿದ್ದಿಲ್ಲ.

ಪ್ರಭಾರಿ ಮುಖ್ಯ ಶಿಕ್ಷಕಿ

ಅಕ್ಕಾ, ನಿಮ್ಮ ಕೊನೆಯ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಈ ತಿಂಗಳ ಸಭೆಯಲ್ಲಿ ತಾಯಂದಿರ ಜೊತೆ ಒಬ್ಬೊಬ್ಬರಾಗಿ ಮಾತಾಡ್ತೀನಿ. ವೇಳಾಪಟ್ಟಿ ಸೋಮವಾರದಿಂದ ಬದಲಾಗುತ್ತೆ. ಸರ್, ಒಂದು ಅನುಮಾನ. ಏಳನೇ ತರಗತಿಯಲ್ಲೂ ಇಬ್ಬರು ಹುಡುಗರಿಗೆ ಓದೋಕೆ ಬರಲ್ಲ. ಚಿಕ್ಕವರ ಜೊತೆ ಕೂರೋಕೆ ನಾಚಿಕೊಳ್ತಾರೆ.

ನಿವೃತ್ತ ಮುಖ್ಯೋಪಾಧ್ಯಾಯ, ತುಮಕೂರು

ಕೂರಿಸಲೇಬೇಡಿ ಮೇಡಂ. ಪ್ರಾರ್ಥನೆಗೆ ಮೊದಲು, ಹಾಲು ಕಾಯೋ ಹೊತ್ತಿನಲ್ಲಿ ಅವರಿಬ್ಬರನ್ನೇ ಕರೆದು ಕಾಲು ಗಂಟೆ ಓದಿಸಿ. ‘ಅ, ಆ’ದಿಂದ ಶುರು ಮಾಡಬೇಡಿ. ಬಸ್ಸಿನ ಬೋರ್ಡು, ಕ್ರಿಕೆಟ್ ಸುದ್ದಿ, ಅವರ ಊರಿನ ಹೆಸರು, ಇವುಗಳಲ್ಲಿ ಬರೋ ಅಕ್ಷರದಿಂದಲೇ ಹಿಡೀರಿ.